ಮಡಿಸದೆ ಉಳಿದ ಬೆರಳು

ಬೆಳಿಗ್ಗೆ ಪೇಪರು ಬಂದರೆ ನಾನು ಮೊದಲು ತೆಗೆಯುವುದು ನಡುವಿನ ಪುಟ. ತಿಳಿದವರು ಎನ್ನಿಸಿಕೊಂಡವರು ದೇಶದ ಬಗ್ಗೆ ತಮ್ಮ ಅಭಿಪ್ರಾಯ ಬರೆಯುವ ಪುಟ ಅದು. "ಅಜ್ಜಿ, ದಿನಾ ಅದರಲ್ಲೇನು ಹುಡುಕ್ತೀಯಾ?" ಎಂದು ಮೊಮ್ಮಗಳು ನಗುತ್ತಾಳೆ. ಬರೆದವನು ಯಾವ ಕಡೆಯವನು ಎಂಬುದು ಎರಡು ಸಾಲು ಓದುವುದರೊಳಗೆ ಗೊತ್ತಾಗಿಬಿಡುತ್ತದೆ. ಆಮೇಲೆ ನಾನು ಹುಡುಕುವುದು ಒಂದನ್ನೇ. ಇವನು ಎಲ್ಲಾದರೂ ಒಂದು ಕಡೆ ತನ್ನವರನ್ನೇ ತಡೆದು ನಿಲ್ಲಿಸಿ, "ಇದು ಸರಿಯಿಲ್ಲ ಕಣ್ರಪ್ಪಾ" ಎಂದಿದ್ದಾನೆಯೇ? ಬಹಳ ಜನ ಅನ್ನುವುದಿಲ್ಲ. ಅಪರೂಪಕ್ಕೊಬ್ಬ ಸಿಗುತ್ತಾನೆ. ಸಿಕ್ಕ ದಿನ ನನಗೆ ಖುಷಿಯಾಗುತ್ತದೆ ಎಂದುಕೊಳ್ಳಬೇಡಿ. ಪಾಪ, ಇವನ ಮನೆಯವರ ಗತಿಯೇನು ಎಂದು ಯೋಚನೆ ಬರುತ್ತದೆ. ಅಂಥವರೊಬ್ಬರ ಸೊಸೆಯಾಗಿ ಬಾಳಿದವಳು ನಾನು.

ಮೊದಲು ಊರಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೂ ನನ್ನ ಹಾಗೆ ತಲೆ ಕೆಡುತ್ತದೆ. ನನ್ನ ತವರು ಯಳಂದೂರಿನ ಹತ್ತಿರದ ಅಗರ. ಅದು ಮೈಸೂರಿಗೆ ಸೇರಿದ್ದು. ನನ್ನನ್ನು ಕೊಟ್ಟ ಊರು ಕೊಳ್ಳೇಗಾಲ ದಾಟಿ ಹನೂರಿನ ದಾರಿಯಲ್ಲಿತ್ತು. ಅದು ಆಗ ಮದರಾಸಿಗೆ ಸೇರಿದ್ದು. ಗಾಡಿ ಕಟ್ಟಿದರೆ ಒಂದು ಹಗಲಿನ ದಾರಿ. ಎರಡು ಕಡೆಯೂ ಅದೇ ಮಾತು, ಅದೇ ಮುದ್ದೆ, ಅದೇ ಮಾದಪ್ಪನ ಹರಕೆ. ಆದರೆ ನಡುವೆ ಒಂದು ಚೌಕಿ ಇತ್ತು, ಅಲ್ಲೊಬ್ಬ ಕಾವಲಿನವನು ಕೋಲು ಹಿಡಿದು ನಿಂತಿರುತ್ತಿದ್ದ. ಕಂಟ್ರೋಲಿನ ಕಾಲವಾದ್ದರಿಂದ ಒಂದು ಸರ್ಕಾರದ ಅಕ್ಕಿ ಇನ್ನೊಂದು ಸರ್ಕಾರಕ್ಕೆ ಹೋಗುವಂತಿರಲಿಲ್ಲ.

ನನ್ನ ಮದುವೆಯ ದಿಬ್ಬಣ ಆ ಚೌಕಿಗೆ ಬಂದಾಗ ನನ್ನ ಮಡಿಲಿನಲ್ಲಿ ಅಕ್ಕಿ ಇತ್ತು. ತವರಿನಿಂದ ಹೊರಡುವ ಹೆಣ್ಣಿನ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿ ಸೊಂಟಕ್ಕೆ ಕಟ್ಟಿ ಕಳಿಸುವ ಮಡಿಲಕ್ಕಿ. ಗಂಡನ ಮನೆಯ ಹೊಸಿಲು ದಾಟುವ ತನಕ ಅದನ್ನು ಬಿಚ್ಚುವ ಹಾಗಿಲ್ಲ. ಕಾವಲಿನವನು ಗಾಡಿಯೊಳಗೆ ಇಣುಕಿ, "ಅದೇನದು ಸೆರಗಲ್ಲಿ? ಬಿಚ್ಚಮ್ಮ" ಎಂದ. ನನಗೆ ಅಳು ಬಂತು. ಗಾಡಿಯ ಹಿಂದೆ ನಡೆದು ಬರುತ್ತಿದ್ದ ನನ್ನ ಮಾವ ಮುಂದೆ ಬಂದರು. ಅವರ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ.

"ಏನಯ್ಯಾ, ತವರೋರು ತುಂಬಿದ ಮಡ್ಲಕ್ಕಿಗೂ ನಿನ್ ಸರ್ಕಾರ ಕೈ ಆಕ್ತದಾ? ನಿನ್ ಎಂಡ್ತಿ ಬರುವಾಗ ಬರೀ ಮಡ್ಲಲ್ಲಿ ಬಂದಿದ್ಲಾ?" ಎಂದು ಗದರಿದರು.

ಅವನು ನಾಚಿಕೊಂಡು, "ಓಗಿ ಸಾ, ಓಗಿ" ಎಂದು ಪಕ್ಕಕ್ಕೆ ಸರಿದ. ಅಷ್ಟಕ್ಕೆ ಬಿಟ್ಟಿದ್ದರೆ ಎಲ್ಲ ಚೆನ್ನಾಗಿತ್ತು.

"ತಡಿ, ಅಂಗೆಲ್ಲಾ ಓಗಿ ಅನ್ಬ್ಯಾಡ," ಎಂದರು ಮಾವ. "ಹಿಂದಿನ್ ಗಾಡೀಲಿ ಹುಲ್ಲಿನ ಅಡೀಲಿ ಒಂದ್ ಮೂಟೆ ಅದೆ. ಅದು ಮಡ್ಲಕ್ಕಿ ಅಲ್ಲ, ನಮ್ಮೋರು ಕದ್ದು ಸಾಗಿಸ್ತಾ ಇರೋದು. ಅದ ಇಳಿಸ್ಕೊ."

ಆ ಮೂಟೆ ಗಂಡನ ಊರಿನ ಯಜಮಾನರದು. ಯಜಮಾನರು ಎಂದರೆ ನಮ್ಮ ಕುಲಕ್ಕೆ ಹಿರಿಯರು, ಊರಿನಲ್ಲಿ ಅವರ ಮಾತೇ ಮಾತು. ದಿಬ್ಬಣದ ಮುಂದಾಳು ಬೇರೆ. ಅವರ ಮುಖ ಕೆಂಪಗಾಯಿತು. ನನಗೆ ಅಳುವುದೂ ಮರೆತುಹೋಯಿತು. ಇದೆಂಥ ಮನುಷ್ಯ? ನನ್ನ ಪರವಾಗಿ ಜಗಳವಾಡಿದ ಬಾಯಲ್ಲೇ ತನ್ನವರನ್ನು ಹಿಡಿದುಕೊಟ್ಟರಲ್ಲ! ಇವರು ಯಾರ ಕಡೆ? ಊರು ಮುಟ್ಟುವ ತನಕ ನಾನು ಮಡಿಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದನ್ನೇ ಯೋಚಿಸುತ್ತಿದ್ದೆ.

ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನಮ್ಮ ಮನೆಯವರು, ನಾನು, ಮೂರೇ ಜನ. ಮಾವನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ನಾನು ಯಳಂದೂರಿನ ಮಿಡಲ್ ಸ್ಕೂಲಿನಲ್ಲಿ ಓದಿದವಳು ಎಂದು ಗೊತ್ತಾದ ಮಾರನೆಯ ದಿನವೇ ಅವರು ಪೇಪರು ತಂದು ಹೊಸಿಲಿನ ಮೇಲಿಟ್ಟು, "ಓದು ಮಗಾ" ಎಂದರು.

ನಮ್ಮೂರಿನಲ್ಲಿ ಶ್ರಾವಣಮಾಸ ಪೂರ್ತಿ ಸಂಜೆ ಮಠದಲ್ಲಿ ಪುರಾಣ ಓದಿಸುತ್ತಿದ್ದರು. ಒಬ್ಬರು ಪದ್ಯ ಓದುತ್ತಾರೆ, ಪಕ್ಕದಲ್ಲಿ ಕಂಬಳಿಯ ಮೇಲೆ ಕೂತ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಆ ಅರ್ಥ ಹೇಳುವ ಕಂಬಳಿ ನಮ್ಮ ಮಾವನದು. ಹರೆಯದಲ್ಲಿ ಕೂತವರು, ತಲೆ ಬೆಳ್ಳಗಾಗುವ ತನಕ ಬೇರೆ ಯಾರೂ ಅಲ್ಲಿ ಕೂತಿರಲಿಲ್ಲ. ಬಂಡಳ್ಳಿಯಿಂದೆಲ್ಲ ಜನ ಇವರ ಅರ್ಥ ಕೇಳುವುದಕ್ಕೆಂದೇ ನಡೆದು ಬರುತ್ತಿದ್ದರು. ವರ್ಷದ ಉಳಿದ ಹನ್ನೊಂದು ತಿಂಗಳು ಅವರು ಆ ಒಂದು ತಿಂಗಳಿಗಾಗಿಯೇ ಬದುಕುತ್ತಿದ್ದಾರೇನೋ ಎಂದು ನನಗೆ ಅನ್ನಿಸುತ್ತಿತ್ತು. ಆಷಾಢ ಬಂತೆಂದರೆ ಸಾಕು, ಹಸುವಿಗೆ ಹುಲ್ಲು ಹಾಕುವಾಗಲೂ ಒಬ್ಬರೇ ಅರ್ಥ ಹೇಳಿಕೊಳ್ಳುತ್ತಿದ್ದರು. ಕಣ್ಣು ಮಂಜಾದ ಮೇಲೆ ಅವರಿಗೆ ಉಳಿದದ್ದು ಅದೊಂದೇ.

ಪೇಪರು ಓದಿಸುವುದೂ ಅದೇ ಕ್ರಮದಲ್ಲಿ. ಗಂಡಸರೆಲ್ಲ ಹೊಲದಿಂದ ಬಂದು ನಮ್ಮ ಜಗುಲಿಯಲ್ಲಿ ಕೂರುತ್ತಿದ್ದರು. ಸೊಸೆ ಜಗುಲಿಗೆ ಬರುವ ಹಾಗಿರಲಿಲ್ಲ, ನಾನು ಬಾಗಿಲ ಹಿಂದೆ ಕೂತು ಓದುತ್ತಿದ್ದೆ. ಹಿಂದಿನ ದಿನದ ಪೇಪರು ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬರುತ್ತಿತ್ತು. ನಾನು ಒಂದು ಸಂಗತಿ ಓದಿ ನಿಲ್ಲಿಸಬೇಕು. ಮಾವ ಒಂದು ಬೆರಳು ಮಡಿಸಿ, ಅರ್ಥ ಹೇಳಿ, "ಮುಂದಕ್ಕೆ" ಎನ್ನಬೇಕು. ಪುರಾಣದಲ್ಲೂ ಹಾಗೆಯೇ, ಪದ್ಯಕ್ಕೊಂದು ಬೆರಳು. ಎರಡು ಕೈಯ ಹತ್ತೂ ಬೆರಳು ಮಡಿಸಿ ಮುಷ್ಟಿಯಾದ ಮೇಲೆ ಎಲ್ಲರೂ ಎಲೆಅಡಿಕೆಗೆ ಏಳುತ್ತಿದ್ದರು. ಓದುವವರು ಒಂದು ಪದ್ಯ ನುಂಗಿದರೆ ಒಂದು ಬೆರಳು ಹಾಗೇ ನಿಂತಿರುತ್ತದಲ್ಲ, ಅದಕ್ಕಿಂತ ದೊಡ್ಡ ತಪ್ಪು ಮಾವನ ಪ್ರಕಾರ ಬೇರೆ ಇರಲಿಲ್ಲ.

ಅವರ ಅರ್ಥ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಪುರಾಣದಲ್ಲಿ ಭಕ್ತನನ್ನು ಹೊಗಳಿದ ಪದ್ಯ ಬಂದರೆ, "ಭಕ್ತಿ ಸರಿ. ಆದ್ರೆ ಎಂಡ್ರ ಮಕ್ಳ ಕೇಳ್ದೆ ಮನೇಲಿದ್ದುದ್ನೆಲ್ಲ ಎತ್ಕೊಟ್ನಲ್ಲ, ಅದು ಸರೀನಾ?" ಎನ್ನುತ್ತಿದ್ದರು. ಜನ ತಲೆದೂಗುತ್ತಿದ್ದರು. ಎಷ್ಟೋ ಕಾಲದ ಹಿಂದಿನ ಭಕ್ತನನ್ನು ಬೈದರೆ ತಲೆದೂಗುವುದು ಸುಲಭ. ಪೇಪರಿಗೂ ಅದೇ ಅರ್ಥ ಹೇಳಲು ಹೊರಟಾಗ ಜಗುಲಿಯಲ್ಲಿ ಕೆಮ್ಮು ಶುರುವಾಗುತ್ತಿತ್ತು. ರೈತರಿಗೆ ಅನ್ಯಾಯವಾಗಿದೆ ಎಂಬ ಸುದ್ದಿ ಓದಿದರೆ, "ಆಗೈತೆ, ಸುಳ್ಳಲ್ಲ. ನಾವು ನಮ್ ಆಳುಗಳಿಗೆ ಮಾಡೋದೇನು, ಅದ್ನೂ ಬರೀಬೇಕಾಗಿತ್ತು ಇವ್ನು" ಎನ್ನುತ್ತಿದ್ದರು. ಒಳಗೆ ಕೂತ ನನಗೆ ಒಮ್ಮೆ ಕೈ ತಟ್ಟಬೇಕೆನಿಸುತ್ತಿತ್ತು, ಒಮ್ಮೆ ಬಾಗಿಲು ಹಾಕಿಬಿಡಬೇಕೆನಿಸುತ್ತಿತ್ತು.

ಹೀಗೆ ಕೆಲವು ವರ್ಷ ಕಳೆಯಿತು. ನನಗೊಂದು ಹೆಣ್ಣುಮಗು ಆಯಿತು. ಆ ಹೆರಿಗೆ ಕಷ್ಟದ್ದು. ಎರಡು ದಿನ ನನ್ನ ಜೊತೆ ಕೂತು ಮಗುವನ್ನು ಈಚೆಗೆ ತಂದವಳು ಮಗ್ಗದ ಕೇರಿಯ ಸೂಲಗಿತ್ತಿ. ನಮ್ಮೂರಿನ ಅಂಚಿನಲ್ಲಿ ನಾಲ್ಕು ಮನೆ ನೇಯ್ಗೆಯವರಿದ್ದರು, ಕೊಳ್ಳೇಗಾಲದ ರೇಷ್ಮೆ ಅಂಗಡಿಗಳಿಗೆ ಸೀರೆ ನೇಯುವವರು. ಮನೆಯೊಳಗೆ ತಮಿಳು, ಬೀದಿಗೆ ಬಂದರೆ ಕನ್ನಡ. ಅವಳನ್ನು ಊರೆಲ್ಲ ಪಾಟಿ ಎನ್ನುತ್ತಿತ್ತು. ಪಾಟಿ ಎಂದರೆ ಅವರ ಮಾತಿನಲ್ಲಿ ಅಜ್ಜಿ. ಯಜಮಾನರ ಮಕ್ಕಳೂ ಅವಳ ಕೈಯಲ್ಲೇ ಹುಟ್ಟಿದವರು, ಯಜಮಾನರೂ ಅವಳನ್ನು ಪಾಟಿ ಎಂದೇ ಕರೆಯುತ್ತಿದ್ದರು. ನೋವಿನಲ್ಲಿ ನಾನು ಕಿರುಚುವಾಗ ಅವಳು ನನ್ನ ಹಣೆ ಒರೆಸುತ್ತ, "ಕಣ್ಣು, ಇನ್ನೊಂದ್ ಕಿತ, ಇನ್ನೊಂದೇ ಕಿತ" ಎನ್ನುತ್ತಿದ್ದುದು ಈಗಲೂ ಕಿವಿಯಲ್ಲಿದೆ.

ಆಮೇಲೆ ಎಲ್ಲ ಕಡೆ ಭಾಷೆಯ ಮಾತು ಶುರುವಾಯಿತು. ಕನ್ನಡದವರೆಲ್ಲ ಒಂದೇ ರಾಜ್ಯಕ್ಕೆ ಸೇರುತ್ತಾರಂತೆ, ನಮ್ಮ ಕೊಳ್ಳೇಗಾಲವೂ ಮೈಸೂರಿಗೆ ಹೋಗಬೇಕಂತೆ. ಹಾಗೆಂದು ನಮ್ಮೂರಿನಲ್ಲಿ ಮೊದಲು ಬಾಯಿಬಿಟ್ಟು ಹೇಳಿದವರೇ ನಮ್ಮ ಮಾವ. ಒಂದು ಕಾಗದ ಬರೆಸಬೇಕಾದರೆ ದೂರದ ಕೊಯಮತ್ತೂರಿಗೆ ಹೋಗಿ ಗೊತ್ತಿಲ್ಲದ ಮಾತಿನಲ್ಲಿ ಕೈಮುಗಿಯಬೇಕು, ಎಷ್ಟು ದಿನ ಈ ಬಾಳು ಎಂದು ಜಗುಲಿಯಲ್ಲಿ ಕೂಗಾಡಿದ್ದರು. ಅವತ್ತು ಯಾರೂ ಕೆಮ್ಮಲಿಲ್ಲ. ನನಗಂತೂ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಕಂಟ್ರೋಲು ಹೋಗಿದ್ದರೂ ಆ ಚೌಕಿಯ ಭಯ ನನ್ನಿಂದ ಹೋಗಿರಲಿಲ್ಲ. ಒಂದೇ ಸರ್ಕಾರವಾದರೆ ನನ್ನ ಮಗಳ ಮಡಿಲಿಗೆ ಯಾರೂ ಇಣುಕುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

ಅದೇ ಉಮೇದಿನಲ್ಲಿ ಅಗರಕ್ಕೆ ಹೋದಾಗ ಅಪ್ಪನಿಗೆ ಹೇಳಿದೆ. ಅಪ್ಪ ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ತಲೆ ಕೆರೆದುಕೊಂಡು, "ನೀವೆಲ್ಲ ಬಂದ್ರೆ ನಮ್ ಮೈಸೂರು ಮೈಸೂರಾಗೇ ಉಳೀತದಾ ಅಂತ ಇಲ್ಲಿ ಕೆಲವ್ರು ಕೇಳ್ತಾವ್ರೆ ಕಣವ್ವಾ. ನಂಗೂ ಒಂದೊಂದ್ ದಿನ ಅಂಗೇ ಅನ್ನುಸ್ತದೆ" ಎಂದುಬಿಟ್ಟರು. ಇದೊಳ್ಳೆ ಕಥೆಯಾಯಿತಲ್ಲ! ಮದರಾಸಿನವರು ಬಿಡುವುದಿಲ್ಲ, ಮೈಸೂರಿನವರಿಗೆ ಬೇಡ, ನಾವೇನು ಚೌಕಿಯಲ್ಲೇ ಸಂಸಾರ ಹೂಡಬೇಕೇ? ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಊಟ ಬಿಟ್ಟೆ. ಆಮೇಲೆ ಅವರು ಹೇಳಿದ್ದರಲ್ಲೂ ಏನೋ ಇದೆ ಅನ್ನಿಸಿತು. ಅದಕ್ಕೆ ಇನ್ನೂ ಸಿಟ್ಟು ಬಂತು.

ಒಂದು ದಿನ ಸುದ್ದಿ ಬಂತು. ದೊಡ್ಡ ಅಧಿಕಾರಿಯೊಬ್ಬರು ಕೊಳ್ಳೇಗಾಲದ ಪ್ರವಾಸಿ ಬಂಗಲೆಗೆ ಬಂದು ಜನರ ಮಾತು ಕೇಳುತ್ತಾರಂತೆ. ಯಾವ ಇಲಾಖೆಯವರೋ ನನಗೆ ಇಂದಿಗೂ ಗೊತ್ತಿಲ್ಲ. ಊರೂರಿನಿಂದ ಅರ್ಜಿ ಹೋಗಬೇಕು ಎಂದು ಯಜಮಾನರು ಪಟ್ಟಣದಲ್ಲಿ ಯಾರಿಂದಲೋ ಚೆನ್ನಾಗಿ ಬರೆಸಿಕೊಂಡು ಬಂದರು. ಸುತ್ತಿನ ಊರುಗಳಲ್ಲಿ ಮಾವನ ಹೆಸರಿಗೆ ಬೆಲೆ ಇತ್ತು, ಅವರ ರುಜು ಮೊದಲಿಗೆ ಬೀಳಬೇಕು ಎಂಬುದು ಯಜಮಾನರ ಆಸೆ.

ಅರ್ಜಿ ಓದುವ ಮೊದಲು ನಮ್ಮ ಮನೆಯವರು ಅಡಿಗೆಮನೆಗೆ ಬಂದರು. ಅರ್ಜಿಯನ್ನು ಬಿಡಿಸಿ ಒಂದು ಕಡೆ ಉಗುರಿನಿಂದ ಗೀರಿ ತೋರಿಸಿದರು.

"ಈ ಆರನೇ ಕಲಮು ಓದ್ಬ್ಯಾಡ" ಎಂದರು.

ನಾನು ನೋಡಿದೆ. 'ಈ ಗ್ರಾಮದಲ್ಲಿ ಕನ್ನಡವಲ್ಲದೆ ಬೇರೆ ಭಾಷೆಯನ್ನು ಮಾತನಾಡುವ ಒಂದು ಮನೆಯೂ ಇರುವುದಿಲ್ಲ' ಎಂದಿತ್ತು.

"ಪಾಟಿ ಮನೆ? ಆ ಕೇರಿ?" ಎಂದೆ.

"ನಾಕ್ ಮನೆ ಅವೆ ಅಂತ ನಾವು ಬರ್ದ್ರೆ ಆ ಕಡೆಯೋರು ಅದ್ನೇ ನಾನೂರು ಮಾಡಿ ತೋರುಸ್ತಾರೆ. ಅವ್ರು ತಮ್ ಅರ್ಜೀಲಿ ಏನೇನ್ ಬರ್ದವ್ರೋ! ಇದ ಕೇಳುದ್ರೆ ಅಪ್ಪ ರುಜು ಆಕಾಕಿಲ್ಲ. ಆಕ್ದೇ ಇದ್ರೆ ಈ ಶ್ರಾವಣಕ್ಕೆ ಅಪ್ಪಂಗೆ ಕಂಬ್ಳಿ ಹಾಸಾಕಿಲ್ಲ ಅಂತ ಯಜಮಾನ್ರು ಬಾಯ್ಬುಟ್ಟು ಅಂದವ್ರೆ. ಆಮೇಲ್ ಆ ಮನ್ಸ ಬದುಕ್ತಾನಾ? ನೀನೇ ಯೋಳು."

ಅವರ ಮಾತೂ ಸರಿಯಾಗಿಯೇ ಇತ್ತು. ಪಾಟಿಯ ಮುಖ ಕಣ್ಣ ಮುಂದೆ ಬಂತು, ಕಂಬಳಿಯ ಮೇಲೆ ಕೂತ ಮಾವನ ಮುಖವೂ ಬಂತು. ಮೂಲೆಯಲ್ಲಿ ಮಗಳು ಆಡುತ್ತಿದ್ದಳು, ಅವಳ ಮಡಿಲೂ ಕಂಡಿತು. ಗಂಡ ಹೇಳಿದ್ದಕ್ಕೆ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಅರ್ಜಿ ಗೆಲ್ಲುವುದು ನನಗೂ ಬೇಕಾಗಿತ್ತು.

ಸಂಜೆ ಜಗುಲಿ ತುಂಬಿತು. "ಹತ್ತು ಕಲಮು ಅವೆ, ಒಂದೊಂದೂ ಮುತ್ತು ಕೋದಂಗವೆ" ಎಂದು ಯಜಮಾನರೇ ಹೆಮ್ಮೆಯಿಂದ ಹೇಳಿಬಿಟ್ಟರು. ಮಾವನ ಬೆರಳಿಗೆ ಲೆಕ್ಕ ಸಿಕ್ಕಿಬಿಟ್ಟಿತು. ಓದುವುದಕ್ಕೆ ಶುರು ಮಾಡಿದೆ. ಮಾವ ಒಂದೊಂದಕ್ಕೂ ಬೆರಳು ಮಡಿಸಿ ಚೆಂದಾಗಿ ಅರ್ಥ ಹೇಳಿದರು. ಅವತ್ತು ಅವರಿಗೆ ಒಳ್ಳೆ ಹುರುಪು. ಐದನೆಯದು ಮುಗಿಸಿ ನಾನು ಏಳನೆಯದಕ್ಕೆ ಹಾರಿದೆ. ಕೊನೆಗೆ ಓದುವುದು ಮುಗಿಯಿತು. ಬಾಗಿಲ ಸಂದಿಯಿಂದ ನೋಡಿದರೆ ಮಾವನ ಎಡಗೈಯ ಕಿರುಬೆರಳು ನೆಟ್ಟಗೆ ನಿಂತಿತ್ತು.

"ಒಂಬತ್ತಾಯ್ತು. ಹತ್ತು ಅಂದ್ರಲ್ಲ? ಒಂದ್ ಬುಟ್ಟೋಯ್ತಾ ಮಗಾ?" ಎಂದರು.

ಯಜಮಾನರು ಕೆಮ್ಮಿದರು.

"ಇಲ್ಲ ಮಾವ. ಎರಡನ್ನು ಕೂಡಿಸಿ ಓದಿದೆ" ಎಂದೆ.

ಮಾವ ಬಲಗೈಯಿಂದ ಆ ಕಿರುಬೆರಳನ್ನು ಹಿಡಿದು ಮೆಲ್ಲಗೆ ಮಡಿಸಿದರು. "ಎಲ್ಲಿ ರುಜು ಆಕ್ಬೇಕು, ತೋರ್ಸಿ" ಎಂದರು. ಯಜಮಾನರು ಅವರ ಕೈ ಹಿಡಿದು ಕಾಗದದ ಮೇಲಿಟ್ಟರು. ರುಜು ಬಿತ್ತು. ನಾನು ಒಳಗೆ ಹೋಗಿ ಒಂದು ಚೆಂಬು ನೀರು ಕುಡಿದೆ.

ಮಾರನೆಯ ದಿನ ಶಾಲೆಯ ಬಯಲಿನಲ್ಲಿ ಊರಿಗೆಲ್ಲ ಕೇಳುವಂತೆ ಆ ಅರ್ಜಿಯನ್ನು ಪೂರ್ತಿ ಓದಿದರಂತೆ. ಪಾಟಿ ಯಾವುದೋ ಬಾಣಂತಿಯ ಮನೆಗೆ ಹೋಗುತ್ತಿದ್ದವಳು ನಿಂತು ಕೇಳಿದ್ದಾಳೆ. ನೇರ ನಮ್ಮ ಜಗುಲಿಗೆ ಬಂದಳು. ಮೇಲೆ ಹತ್ತಲಿಲ್ಲ, ಕೆಳಗೆ ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಸಾಮಿ, ನಿಮ್ಮೂರಲ್ಲಿ ನಾನು ಇಲ್ಲಾಂತ ಬರ್ದು ಕೈ ಆಕಿದ್ದೀರಂತೆ. ನಿಜವಾ?"

ಮಾವ ಅವಳ ಧ್ವನಿ ಬಂದ ಕಡೆ ತಿರುಗಿದರು.

"ನಾನು ಇಲ್ದೇ ಇದ್ರೆ ಈ ಊರ್ ಮಕ್ಳ ಒಕ್ಕಳು ಕುಯ್ದೋರು ಯಾರು? ನಿಮ್ ಮೊಮ್ಮಗಳ ಎತ್ತಿ ಬೆನ್ನು ತಟ್ದೋರು ಯಾರು? ನೀವು ಮೈಸೂರಿಗಾದ್ರೂ ಓಗಿ, ಮದ್ರಾಸಲ್ಲಾದ್ರೂ ಇರಿ, ನಂಗೇನು? ಓಗುವಾಗ ನಮ್ಮ ಅಳಿಸ್ಬುಟ್ಟು ಓಗ್ಬೇಕಾ, ಸಾಮಿ?"

ನಾನು ಬಾಗಿಲ ಹಿಂದೆ ಮಗಳನ್ನು ಅವುಚಿಕೊಂಡು ನಿಂತಿದ್ದೆ. ಈಗ ಮಾವ ನನ್ನನ್ನು ಕೂಗುತ್ತಾರೆ, ಎಲ್ಲರೆದುರು ಕೇಳುತ್ತಾರೆ, ನನ್ನ ಬಾಳು ಮುಗಿಯಿತು ಎಂದುಕೊಂಡೆ. ಅವರು ಕೂಗಲಿಲ್ಲ. "ತಪ್ಪಾಗೈತೆ ಕಣ್ ಪಾಟಿ" ಎಂದಷ್ಟೇ ಹೇಳಿದರು. ಅವಳು ಹೋದ ಮೇಲೆ, "ಬಂಗ್ಲೆಗೆ ಸಾಯೇಬ್ರು ಬರೋದ್ ಯಾವತ್ತು?" ಎಂದು ಕೇಳಿದರು.

ಸಾಹೇಬರು ಬರುವುದಕ್ಕೆ ಉಳಿದಿದ್ದ ಆ ಎರಡು ದಿನ ಮನೆ ಮನೆಯಾಗಿರಲಿಲ್ಲ. ಯಜಮಾನರು ಬಂದು ನಡುಮನೆಯಲ್ಲಿ ನಿಂತು ಬಿಚ್ಚಿ ಹೇಳಿದರು. "ನೀವು ಅಲ್ಲೋಗಿ ಬಾಯ್ ಬುಟ್ರೆ ಕಂಬ್ಳಿ ಮರ್ತ್ಬುಡಿ. ಮಠದಲ್ಲಿ ಅರ್ತ ಯೋಳೋಕೆ ಬೇರೆಯೋರು ಅವ್ರೆ." ನಮ್ಮ ಮನೆಯವರು ಅಪ್ಪನ ಕಾಲು ಹಿಡಿದುಕೊಂಡರು. ಮಾವ ಗೋಡೆಗೆ ಒರಗಿ ಕೂತಿದ್ದರು. ಕೂತ ಚಾಪೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಈ ಮನುಷ್ಯನಿಗೂ ಭಯವಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

"ನಾನಂತೂ ಬರಾಕಿಲ್ಲ, ಅದೆಂಗ್ ಓಯ್ತೀಯೋ ಓಗು" ಎಂದು ನಮ್ಮ ಮನೆಯವರು ಹೊಲಕ್ಕೆ ಹೊರಟುಹೋದರು. ಕಣ್ಣು ಕಾಣದವರನ್ನು ಒಬ್ಬರೇ ಕಳಿಸುವುದು ಹೇಗೆ? ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಮಾವನ ಕೈ ಹಿಡಿದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ನಾನು ಓದದೆ ಬಿಟ್ಟೆ ಮಾವ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಬಂದು ಹೋಗುತ್ತಿತ್ತು. ಅವರೂ ಏನೂ ಕೇಳಲಿಲ್ಲ. ಬಸ್ಸು ಕೊಳ್ಳೇಗಾಲಕ್ಕೆ ಬಂದುಬಿಟ್ಟಿತು.

ಬಂಗಲೆಯ ಮುಂದೆ ಜನ ಎರಡು ಗುಂಪಾಗಿ ನಿಂತಿದ್ದರು. ಮೈಸೂರಿಗೆ ಎನ್ನುವವರು ಬೇಲಿಯ ಈ ಪಕ್ಕ, ಮದರಾಸಿನಲ್ಲೇ ಇರಲಿ ಎನ್ನುವವರು ಆ ಪಕ್ಕ. ಯಜಮಾನರು ನಮ್ಮನ್ನು ನೋಡಿ ಮುಖ ತಿರುಗಿಸಿದರು. ಒಳಗೆ ಮೇಜಿನ ಹಿಂದೆ ಅಧಿಕಾರಿ, ಪಕ್ಕದಲ್ಲಿ ನಮ್ಮ ಮಾತನ್ನು ಅವರಿಗೆ ತಿಳಿಸಿ ಹೇಳುವ ಗುಮಾಸ್ತೆ. ಅವನ ಮುಂದೆ ಎರಡು ಪಟ್ಟಿ, ಬೇಕು ಎನ್ನುವವರದೊಂದು, ಬೇಡ ಎನ್ನುವವರದೊಂದು. ನಮ್ಮೂರಿನ ಹೆಸರು ಕೂಗಿದಾಗ ನಾನು ಮಾವನನ್ನು ಮೇಜಿನ ಹತ್ತಿರ ನಿಲ್ಲಿಸಿದೆ.

"ಸಾ, ನಮ್ಮೂರ ಅರ್ಜೀಲಿ ಮೊದ್ಲ ರುಜು ನಂದು," ಎಂದರು. "ಅದ್ರಲ್ಲಿ ಆರನೇ ಕಲಮು ಸುಳ್ಳು. ನಮ್ಮೂರಲ್ಲಿ ತಮಿಳಿನ ನಾಕ್ ಮನೆ ಅವೆ. ನಾನು ಹುಟ್ಟೋಕ್ ಮುಂಚಿನಿಂದ ಅವೆ. ಅದು ಗೊತ್ತಿದ್ದೂ ನಾನು ರುಜು ಆಕ್ದೆ. ತಪ್ಪು ನಂದು, ಇನ್ಯಾರ್ದೂ ಅಲ್ಲ."

ಅಯ್ಯೋ ದೇವರೇ! ಯಾರಿಗಾಗಿಯೂ ಸುಳ್ಳು ಹೇಳದವರು ನನಗಾಗಿ ಹೇಳುತ್ತಿದ್ದಾರೆ. ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಬಾಗಿಲಲ್ಲಿ ಇಣುಕುತ್ತಿದ್ದ ಮದರಾಸಿನ ಕಡೆಯವರು ಚಪ್ಪಾಳೆ ತಟ್ಟಿದರು. ಯಾರೋ "ಪೆರಿಯವರು ಪೆರಿಯವರೇ", ದೊಡ್ಡವರು ದೊಡ್ಡವರೇ, ಎಂದು ಕೂಗಿದರು. ಮಾವ ಆ ಕಡೆ ತಿರುಗಿದರು.

"ಸುಮ್ನಿರ್ರಯ್ಯಾ! ನಿಮ್ ಅರ್ಜೀಲಿ ಈ ಸೀಮೇಲಿ ಎಲ್ರಿಗೂ ತಮಿಳು ಬತ್ತದೆ ಅಂತ ಬರ್ಸಿದ್ದೀರಂತೆ. ನಂಗೆ ತಮಿಳಲ್ಲಿ ಒಂದ್ ಲೋಟ ನೀರ್ ಕೇಳೋಕೂ ಬರಾಕಿಲ್ಲ. ನೀವ್ಯಾಕ್ ಕುಣೀತೀರಿ?"

ಚಪ್ಪಾಳೆ ನಿಂತಿತು. ಅಧಿಕಾರಿಗೆ ನಗು ಬಂದಿರಬೇಕು, ಏನೋ ಕೇಳಿದರು. ಗುಮಾಸ್ತೆ ಕನ್ನಡದಲ್ಲಿ ಹೇಳಿದ, "ಹಾಗಾದ್ರೆ ನೀವು ಯಾವ ಕಡೆ ಅಂತ ಕೇಳ್ತಿದ್ದಾರೆ."

ನಾನು ಕಿವಿ ನಿಮಿರಿಸಿದೆ. ಮದುವೆಯ ದಿನದಿಂದ ನಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು.

"ಮೈಸೂರ್ ಕಡೆ ಸಾ. ನಾನು ಮೈಸೂರ್ಗೇ ಸೇರ್ಬೇಕು. ಆ ನಾಕ್ ಮನೆಯೋರ್ನೂ ಕರ್ಕಂಡು ಸೇರ್ಬೇಕು."

ಗುಮಾಸ್ತೆ ಒಂದು ಪಟ್ಟಿ ನೋಡಿದ, ಇನ್ನೊಂದು ನೋಡಿದ. ಪೆನ್ನು ಗಾಳಿಯಲ್ಲೇ ನಿಂತಿತ್ತು. ಕೊನೆಗೆ ಎಲ್ಲಿ ಬರೆದನೋ, ಬರೆದನೋ ಇಲ್ಲವೋ ನಾನು ಕಾಣೆ. ಹಿಂದೆ ನಿಂತವರು ನಮ್ಮನ್ನು ಪಕ್ಕಕ್ಕೆ ತಳ್ಳಿದರು. ಹೊರಗೆ ಬಂದರೆ ಬೇಲಿಯ ಈ ಪಕ್ಕದವರೂ ದಾರಿ ಬಿಡಲಿಲ್ಲ, ಆ ಪಕ್ಕದವರೂ ಬಿಡಲಿಲ್ಲ. ಒಬ್ಬ ನಮ್ಮವನೇ ಮಾವನ ಕಾಲ ಹತ್ತಿರ ಉಗುಳಿದ. ಅವರಿಗೆ ಕಾಣಲಿಲ್ಲ, ನಾನು ಹೇಳಲಿಲ್ಲ.

ಆ ಶ್ರಾವಣದಲ್ಲಿ ಮಠದಿಂದ ಕರೆ ಬರಲಿಲ್ಲ. ಅರ್ಥ ಹೇಳುವುದಕ್ಕೆ ಯಳಂದೂರಿನಿಂದ ಯಾರನ್ನೋ ಕರೆಸಿದ್ದರು. ಜಗುಲಿಗೆ ಪೇಪರು ಕೇಳಲು ಬರುವವರೂ ನಿಂತುಹೋದರು. ನಮ್ಮ ಮನೆಯವರು ಅಪ್ಪನ ಜೊತೆ ಮಾತು ಬಿಟ್ಟಿದ್ದರು. ಪಾಟಿ ಮಾತ್ರ ಒಂದು ದಿನ ಒಂದು ಸೊಪ್ಪಿನ ಕಟ್ಟು ತಂದು ಜಗುಲಿಯ ಮೇಲಿಟ್ಟು ಹೋದಳು. ಮಾವ ಸೊರಗಿದರು. ಮೊದಲ ದಿನ ಮುಸ್ಸಂಜೆಗೆ ಮುಂಚೆಯೇ ಮಡಿಬಟ್ಟೆ ಉಟ್ಟು, ವಿಭೂತಿ ಇಟ್ಟು, ಎಲ್ಲಿಗೂ ಹೋಗುವುದಿಲ್ಲ ಎಂದು ಗೊತ್ತಿದ್ದೂ ಜಗುಲಿಯಲ್ಲಿ ತಯಾರಾಗಿ ಕೂತರು. ಮಠ ದೂರವೇನಲ್ಲ, ಪದ್ಯ ಓದುವ ದನಿ ನಮ್ಮ ಮನೆಗೆ ಕೇಳುತ್ತಿತ್ತು. ಮಾವ ಪದ್ಯಕ್ಕೊಂದು ಬೆರಳು ಮಡಿಸುತ್ತಿದ್ದರು. ತುಟಿ ಅಲುಗುತ್ತಿತ್ತು, ದನಿ ಮಾತ್ರ ಹೊರಡುತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹೊಸಿಲು ದಾಟಿ ಬಂದು ಮೊದಲನೆಯ ಸಲ ಜಗುಲಿಯಲ್ಲಿ ಅವರ ಪಕ್ಕ ಕೂತೆ. ಎಲ್ಲ ಹೇಳಿಬಿಟ್ಟೆ. ಆರನೆಯ ಕಲಮು ನಾನೇ ಬಿಟ್ಟೆ, ಎರಡು ಕೂಡಿಸಿ ಓದಿದೆ ಎಂದದ್ದು ಸುಳ್ಳು, ನಿಮಗೆ ಈ ಗತಿ ಬಂದದ್ದು ನನ್ನಿಂದ ಎಂದು ಅತ್ತೆ. "ಬಂಗಲೆಯಲ್ಲಿ ನನಗಾಗಿ ಯಾಕೆ ಸುಳ್ಳು ಹೇಳಿದಿರಿ ಮಾವ?" ಎಂದು ಕೇಳಿದೆ.

"ಯಾವ್ ಸುಳ್ಳು?" ಎಂದರು.

"ಗೊತ್ತಿದ್ದೂ ರುಜು ಹಾಕಿದೆ ಅಂದಿರಲ್ಲ."

ಮಾವ ಎಡಗೈಯನ್ನು ನನ್ನ ಕಡೆ ಚಾಚಿದರು. ನಾಲ್ಕು ಬೆರಳು ಮಡಿಸಿತ್ತು, ಕಿರುಬೆರಳು ನಿಂತಿತ್ತು.

"ಒಂಬತ್ತಕ್ಕೆ ನಿಂತಿತ್ತು ಮಗಾ. ಯಾವ್ದ ಬುಟ್ಟಿರ್ತೀಯಾ ಅನ್ನೋದೂ ಅಂದಾಜಿತ್ತು. ಇದ ಮಡಿಸ್ದೋನು ಯಾರು? ನಾನೇ ಅಲ್ವಾ?" ಎಂದರು. ಆಮೇಲೆ, "ನಂಗೂ ಆ ಕಂಬ್ಳಿ ಬೇಕಾಗಿತ್ತು ಕಣವ್ವಾ" ಎಂದರು.

ಮಠದಲ್ಲಿ ಯಾರೋ ಹೊಸಬರು ಅರ್ಥ ಹೇಳುತ್ತಿದ್ದರು, ಜನ ನಗುತ್ತಿದ್ದರು. ಅವರ ಮೇಲೆ ಸಿಟ್ಟೂ ಬಂತು, ಅವರ ಕಾಲಿಗೆ ಬೀಳಬೇಕೆಂದೂ ಅನ್ನಿಸಿತು.

"ಈಗ್ ಓದು ಅದ. ಬುಟ್ಟಿದ್ ಸಾಲ" ಎಂದರು ಮಾವ.

ಅರ್ಜಿ ನನ್ನ ಹತ್ತಿರ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. "ಈ ಗ್ರಾಮದಲ್ಲಿ ಕನ್ನಡವಲ್ಲದೆ ಬೇರೆ ಭಾಷೆಯನ್ನು ಮಾತನಾಡುವ ಒಂದು ಮನೆಯೂ ಇರುವುದಿಲ್ಲ" ಎಂದು ಓದಿ ನಿಲ್ಲಿಸಿದೆ. ಕತ್ತಲಾಗುತ್ತಿತ್ತು, ಅವರ ಕೈಯನ್ನೇ ನೋಡುತ್ತ ಕೂತೆ. ಮಾವ ಬೆರಳು ಮಡಿಸಲಿಲ್ಲ.